ರಸ್ತೆಯಾಚೆಯ ಸಾಗವಾನಿ

ಹುಬ್ಬಳ್ಳಿಯಿಂದ ಕಲಘಟಗಿಗೆ ಹೋಗುವ ರಸ್ತೆಯಲ್ಲಿ ಚಕ್ಕಡಿ ನಿಲ್ಲಿಸಿ ಬರೆಯುತ್ತಿರುವ ಈ ಸಂಗತಿಯನ್ನು ವಾಚಕರ ಅವಗಾಹನೆಗೆ ತರಲು ಅಪ್ಪಣೆ ಬೇಡುತ್ತೇನೆ. ರಸ್ತೆಯ ಎಡಕ್ಕೆ ನನ್ನ ಸಾಗವಾನಿ ಅಡವಿ ಇರುತ್ತದೆ. ಬಲಕ್ಕೆ ನನ್ನ ಕಾಕಾನ ಮಗ ರುದ್ರಗೌಡನದು. ಸದರಿ ರುದ್ರಗೌಡನು ವರ್ಷಕ್ಕೆ ಅಡವಿಯ ಒಂದು ಪಟ್ಟಿಯಷ್ಟು ಮರಗಳನ್ನು ಮಾತ್ರ ಕಡಿಸಿ, ಹುಬ್ಬಳ್ಳಿಯ ಬಡಿಗೇರರಿಗೆ ಬಾಗಿಲು-ತೊಲೆಗಳ ಮರವನ್ನು ತಪ್ಪದೆ ಒದಗಿಸುತ್ತಾನೆ. ಬಿದ್ದ ಒಣಕಟ್ಟಿಗೆಯನ್ನು ಊರವರ ಒಲೆಗಳಿಗೆ ಬಿಟ್ಟಿದ್ದಾನೆ. ಅವನ ಅಡವಿಯಂಚಿನ ಬಾವಿಯಲ್ಲಿ ಈ ಬೇಸಿಗೆಯಲ್ಲಿಯೂ ನೀರಿರುವುದು ನನ್ನಿಂದ ಸಹಿಸಲಾಗದ ವಿಷಯವೆಂದು ವಿನಯಪೂರ್ವಕವಾಗಿ ನಮೂದಿಸುತ್ತೇನೆ.

ಇಂದು ಕಂಡದ್ದು ಅದಕ್ಕೂ ಹೆಚ್ಚಿನದು. ಬೆಂಕಿ ದಾಟಿ ಬಾರದಂತೆ ಊರ ಹೆಂಗಸರು ಅವನ ಅಡವಿಯ ಸುತ್ತ ಒಣ ಎಲೆಗಳನ್ನು ಬಳಿದು ಬರಿನೆಲದ ದಾರಿ ಮಾಡುತ್ತಿದ್ದರು. ಕೂಲಿಯಿಲ್ಲ, ಕಸಬರಿಗೆಯೂ ಅವರದೇ. ದೂರದ ಹೊಲದಲ್ಲಿ ಹೊಗೆ ಏಳುತ್ತಿತ್ತು, ಗಾಳಿಯು ನನ್ನ ಅಡವಿಯ ಕಡೆಗೆ ಬೀಸುತ್ತಿತ್ತು.

“ನಮ್ಮ ಕಡೇನೂ ಒಂದಿಷ್ಟು ಬಳೀರಿ, ಗಂಗವ್ವಾ,” ಎಂದು ಅವರಲ್ಲಿ ಹಿರಿಯಳನ್ನು ಕೇಳಿಕೊಂಡೆನು.

“ನಿಮ್ಮ ಅಡವಿಗೆ ಪಗಾರದ ಕಾವಲುಗಾರ ಅದಾನಲ್ರಿ, ಧಣ್ಯಾರ,” ಎಂದಳು ಅವಳು. “ನಮ್ಮನ್ನ ಒಳಗ ಬಿಡದಂವ ಬೆಂಕೀನ ಬಿಟ್ಟಾನೇನ್ರಿ?”

ಉಳಿದವರು ಸೆರಗು ಬಾಯಿಗಿಟ್ಟು ನಕ್ಕರು. ನನ್ನ ಅಡವಿಯ ಸುತ್ತ ಹಾಕಿಸಿದ ಮುಳ್ಳುಬೇಲಿಯನ್ನು ಇಂದೇ ತೆಗೆಸುವೆನೆಂದೂ ಒಣಕಟ್ಟಿಗೆ ಇನ್ನು ಮೇಲೆ ಅವರದೇ ಎಂದೂ ಒಪ್ಪಿಕೊಂಡೆನು.

“ಹಂಗಾದ್ರ ಛಲೋ ಆತ್ರಿ,” ಎಂದಳು ಗಂಗವ್ವ. “ರುದ್ರಗೌಡ್ರನ್ನ ಒಂದ್ ಮಾತು ಕೇಳಿ ಬರತೇವ್ರಿ.”

ನನ್ನ ಅಡವಿಯನ್ನು ಉಳಿಸಲು ಅವನ ಅಪ್ಪಣೆ ಬರುವುದನ್ನೇ ಕಾಯುತ್ತ ಚಕ್ಕಡಿಯಲ್ಲಿ ಕುಳಿತಿರುತ್ತೇನೆ.