ಸ್ವೀಕರಿಸಿದವರು: ಸ್ವತಃ

ಮೊದಲಿಗೇ ಒಂದು ತಪ್ಪೊಪ್ಪಿಗೆ. ನಮ್ಮೂರಿಗೆ ಬರುತ್ತಿದ್ದ ಕಾಗದಗಳಲ್ಲಿ ಅರ್ಧಕ್ಕರ್ಧವನ್ನು ನಾನು ಅವುಗಳ ಯಜಮಾನರ ಕೈಗೆ ಕೊಟ್ಟವನೇ ಅಲ್ಲ. ಹಾಗೆಂದು ಕಳೆದವನೂ ಅಲ್ಲ. ಹುಣಸೂರಿನಿಂದ ಕೋಟೆಗೆ ಹೋಗುವ ರಸ್ತೆಯಲ್ಲಿ, ಗುರುಪುರದ ಆಚೆಗೆ ಸಿಗುವ ಸಣ್ಣ ಊರು ನಮ್ಮದು. ಅಲ್ಲಿ ಪೋಸ್ಟಾಫೀಸು ಎಂದರೆ ನಮ್ಮ ಮನೆಯ ಜಗಲಿ. ಪೋಸ್ಟ್ ಮಾಸ್ಟರೂ ನಾನೇ, ಪೋಸ್ಟ್‌ಮ್ಯಾನೂ ನಾನೇ. ಬಿಸಿಲಲ್ಲಿ ಮನೆಮನೆ ತಿರುಗುವ ಬದಲು ರಸ್ತೆ ಬದಿಯ ರಾಜಣ್ಣನ ಹೋಟೆಲಿನಲ್ಲಿ ಕೂತು ಒಂದು ಟೀ ಕುಡಿದು, ‘ಇದು ಕೆಂಪಮ್ಮನದು, ಬಂದಾಗ ಕೊಡು’ ಎಂದು ಕಾಗದವನ್ನು ಸಕ್ಕರೆ ಡಬ್ಬಿಗೆ ಒರಗಿಸಿ ಬಂದರೆ, ಸಂಜೆಯೊಳಗೆ ಅದು ಸೇರಬೇಕಾದಲ್ಲಿಗೆ ಸೇರುತ್ತಿತ್ತು. ಸಾವಿನ ತಂತಿ ಬಂದಾಗ ಮಾತ್ರ ನಾನೇ ಮನೆ ಬಾಗಿಲಿಗೆ ಹೋಗುತ್ತಿದ್ದೆ. ಯಾರಾದರೂ ಆಕ್ಷೇಪಿಸಿದರೆ ನನ್ನ ಹತ್ತಿರ ಉತ್ತರ ಸಿದ್ಧವಾಗಿತ್ತು: ರಾಜಣ್ಣನಿಗೆ ಕೊಟ್ಟರೆ ನಿಮಗೆ ಕೊಟ್ಟಂತೆಯೇ. ಇಪ್ಪತ್ತು ವರ್ಷ ಈ ಮಾತಿನ ಮೇಲೆ ನನ್ನ ಉದ್ಯೋಗ ನಡೆದಿತ್ತು. ಆಮೇಲೆ ಒಂದು ಕತ್ತರಿ ಬಂತು. ಬಂತು ಎನ್ನುವುದೂ ತಪ್ಪು. ಬಂದಿದೆ ಎಂದು ಕಂಪ್ಯೂಟರ್ ಹೇಳಿತು.

ಕತ್ತರಿಗೂ ನನಗೂ ಏನು ಸಂಬಂಧ ಎನ್ನುತ್ತೀರಾ? ನನ್ನ ಹೆಂಡತಿ ಸಾವಿತ್ರಿ ಬಟ್ಟೆ ಹೊಲಿಯುತ್ತಾಳೆ. ಸುತ್ತಲಿನ ಐದಾರು ಊರಿನ ಹೆಂಗಸರ ರವಿಕೆಯ ಅಳತೆ ಅವಳಿಗೆ ಬಾಯಿಪಾಠ. ಅವಳು ಎಡಗೈಯವಳು. ಚಿಕ್ಕಂದಿನಲ್ಲಿ ಅವಳ ಅಜ್ಜಿ ಸೌಟಿನಲ್ಲಿ ಹೊಡೆದು ಹೊಡೆದು ಊಟವನ್ನೂ ಬರವಣಿಗೆಯನ್ನೂ ಬಲಗೈಗೆ ದಾಟಿಸಿದ್ದರು. ಕತ್ತರಿಯನ್ನು ಮಾತ್ರ ದಾಟಿಸಲು ಆಗಿರಲಿಲ್ಲ. ನಮ್ಮ ಜನಕ್ಕೆ ಎಡಗೈ ಎಂದರೆ ಏನೋ ಅನುಮಾನ. ಅದರಲ್ಲಿ ದಕ್ಷಿಣೆ ಕೊಡುವಂತಿಲ್ಲ, ಕುಂಕುಮ ಕೊಡುವಂತಿಲ್ಲ. ನಾನು ಒಮ್ಮೆ ಈ ವಿಷಯವಾಗಿ ಗಾಢವಾಗಿ ಚಿಂತಿಸಿದ್ದೇನೆ. ಅರ್ಧನಾರೀಶ್ವರನಲ್ಲಿ ಶಿವನ ಎಡಭಾಗವೆಲ್ಲ ಪಾರ್ವತಿಯದು ತಾನೆ? ಹಾಗಾದರೆ ಆ ರೂಪದಲ್ಲಿ ಆ ಮಹಾತಾಯಿಗೆ ಇರುವುದು ಎಡಗೈ ಮಾತ್ರ. ಅವಳು ಕುಂಕುಮ ಕೊಡಲು ಬಂದರೆ ‘ಬಲಗೈಲಿ ಕೊಡಮ್ಮ’ ಎನ್ನುವ ಧೈರ್ಯ ಯಾರಿಗಿದೆ? ಇದನ್ನು ಸಾವಿತ್ರಿಗೆ ಹೇಳಿದಾಗ ಅವಳು, ‘ಪಾರ್ವತಿ ರವಿಕೆ ಹೊಲೀತಿರ್ನಿಲ್ಲ ಬುಡಿ’ ಎಂದು ನನ್ನ ಪಾಂಡಿತ್ಯವನ್ನು ಒಂದೇ ಏಟಿಗೆ ಕತ್ತರಿಸಿದಳು.

ತೊಂದರೆ ಇದ್ದದ್ದು ಕತ್ತರಿಯಲ್ಲೇ. ಅಂಗಡಿಯಲ್ಲಿ ಸಿಗುವ ಕತ್ತರಿಗಳೆಲ್ಲ ಬಲಗೈಯವರಿಗಾಗಿ ಮಾಡಿದವು. ಎಡಗೈಲಿ ಹಿಡಿದರೆ ಮೇಲಿನ ಅಲಗು ಸೀಮೆಸುಣ್ಣದ ಗೆರೆಯನ್ನು ಮುಚ್ಚಿಬಿಡುತ್ತದೆ, ಹಿಡಿಯ ಅಂಚು ಹೆಬ್ಬೆರಳಿಗೆ ಒತ್ತುತ್ತದೆ. ಮೂವತ್ತು ವರ್ಷ ಅವಳು ಗೆರೆ ಕಾಣದೆ, ಅಂದಾಜಿನ ಮೇಲೆ ಕತ್ತರಿಸಿದ್ದಳು. ಹೆಬ್ಬೆರಳ ಬುಡದಲ್ಲಿ ಹುಣಿಸೆ ಬೀಜದಷ್ಟು ಗಂಟು ಎದ್ದಿತ್ತು. ಹುಣಸೂರಿನ ಡಾಕ್ಟರು ಅದನ್ನು ಒತ್ತಿ ನೋಡಿ, ಇನ್ನು ಕತ್ತರಿ ಕೆಲಸ ಬಿಡಬೇಕು ಎಂದರು. ಸಾವಿತ್ರಿ ಮನೆಗೆ ಬಂದವಳೇ ಹೊಲಿಗೆ ಮಿಷಿನ್ ಮಾರಲು ಗಿರಾಕಿ ಹುಡುಕಿದಳು. ಪಿರಿಯಾಪಟ್ಟಣದವರೊಬ್ಬರು ಸೋಮವಾರಕ್ಕೆ ಬಂದು ತೆಗೆದುಕೊಂಡು ಹೋಗುವುದು ಎಂದಾಯಿತು. ‘ಇರೋದು ಬೇಡ, ಕಣ್ಮುಂದೆ ಇದ್ರೆ ಕೈ ತುಡೀತದೆ’ ಎಂದಳು. ಆ ಸಂಜೆ ಅವಳು ಮಿಷಿನ್ನಿಗೆ ಎಣ್ಣೆ ಬಿಟ್ಟು, ಒರೆಸಿ, ಒರೆಸಿದ್ದನ್ನೇ ಮತ್ತೆ ಒರೆಸುತ್ತ ಕೂತಳು.

ಆಗಲೇ ಪೇಪರಿನ ಮೂಲೆಯಲ್ಲಿ ನಾನು ಆ ನಾಲ್ಕು ಸಾಲು ಓದಿದ್ದು. ಎಡಗೈಯವರಿಗೆಂದೇ ಬೇರೆ ಕತ್ತರಿ ಇದೆಯಂತೆ! ಕೂತಲ್ಲಿಂದ ಎದ್ದು ನಿಂತೆ. ಇದು ಎರಡು ಸಾವಿರದ ಎಂಟೋ ಒಂಬತ್ತೋ. ಹುಣಸೂರಿನಲ್ಲಿ ಸತೀಶ ಎಂಬವನು ಸೈಬರ್ ಸೆಂಟರ್ ಇಟ್ಟಿದ್ದ ಕಾಲ. ಅವನ ಮುಂದೆ ಕೂತು ಹುಡುಕಿದರೆ ಇದೆ, ಪರದೆಯ ಮೇಲೆ ಫಳಫಳ ಹೊಳೆಯುತ್ತಿದೆ! ಸತೀಶ ತನ್ನ ಭಾವನ ಕಾರ್ಡಿನಲ್ಲಿ ಆರ್ಡರ್ ಮಾಡಿಕೊಟ್ಟ. ವಿಳಾಸದ ಜಾಗದಲ್ಲಿ ನಾನು ಎದೆಯುಬ್ಬಿಸಿ ನನ್ನ ಪೂರ್ತಿ ಹೆಸರು ಹೇಳಿದೆ: ಎಸ್. ಕೆ. ನಂಜುಂಡಸ್ವಾಮಿ. ಈ ಹೆಸರು ಸರ್ಕಾರಕ್ಕೂ ನನ್ನ ಅತ್ತೆ ಮನೆಯವರಿಗೂ ಬಿಟ್ಟರೆ ಇನ್ನಾರಿಗೂ ಗೊತ್ತಿಲ್ಲ. ಸುತ್ತಮುತ್ತ ನಾನು ಪೋಸ್ಟಣ್ಣ, ಅಷ್ಟೆ.

‘ಕೈಲಿ ಹಿಡ್ದು ಆಡ್ಸಿ ನೋಡ್ದೆ ಯಾರಾದ್ರೂ ಕತ್ರಿ ತಗೋತಾರೇನ್ರೀ? ನೀರಲ್ಲಿರೋ ಎಮ್ಮೆ ವ್ಯಾಪಾರ ಮಾಡ್ದಂಗಾಯ್ತು’ ಎಂದು ಸಾವಿತ್ರಿ ಮೂಗು ಮುರಿದಳು. ಆದರೆ ಮರುದಿನ ನೋಡುತ್ತೇನೆ, ಮಿಷಿನ್ನಿನ ಎಡಗಡೆಯ ಗೋಡೆಗೆ ಹೊಸದಾಗಿ ಒಂದು ಮೊಳೆ ಹೊಡೆದಿದ್ದಾಳೆ. ಇಷ್ಟು ದಿನ ಕತ್ತರಿ ತೂಗುತ್ತಿದ್ದುದು ಬಲಗಡೆಯ ಮೊಳೆಯಲ್ಲಿ. ಆ ಖಾಲಿ ಮೊಳೆ ನನ್ನನ್ನು ದಿನಾ ನೋಡುತ್ತಿತ್ತು. ಸೋಮವಾರದ ಒಳಗೆ ಕತ್ತರಿ ಬರಬೇಕು!

ಕಾಯುವುದರಲ್ಲಿ ಎಂಥ ಸುಖವಿದೆ ಎಂದು ನನಗೆ ಗೊತ್ತೇ ಇರಲಿಲ್ಲ. ಊರಿನ ಜನ ಇಪ್ಪತ್ತು ವರ್ಷ ನನ್ನ ದಾರಿ ಕಾದಿದ್ದರೇ ಹೊರತು ನಾನು ಯಾರ ದಾರಿಯನ್ನೂ ಕಾದವನಲ್ಲ. ಗುರುವಾರ ಬೆಳಿಗ್ಗೆ ತಡೆಯಲಾರದೆ ಟಪಾಲು ಚೀಲವನ್ನು ನಾನೇ ಮುಟ್ಟಿಸುತ್ತೇನೆಂಬ ನೆಪ ಮಾಡಿ ಕೋಟೆಯಿಂದ ಬರುವ ಬಸ್ಸು ಹತ್ತಿದೆ. ಚೀಲದವನೆಂಬ ಮರ್ಯಾದೆಗೆ ಡ್ರೈವರ್ ಪಕ್ಕದ ಉದ್ದ ಸೀಟಿನಲ್ಲಿ ನನಗೆ ಜಾಗ. ಡ್ರೈವರ್ ಪುಟ್ಟರಾಜು ಈ ದಾರಿಗೆ ಹೊಸಬ, ಬಂದು ಮೂರು ವಾರವಾಗಿತ್ತು. ನನ್ನ ಕಾಲ ಬಳಿ ಗೋಣಿತಟ್ಟು ಸುತ್ತಿದ ಏನೋ ಒಂದು ಇತ್ತು. ಅದರ ಮೇಲೆ ಆರಾಮವಾಗಿ ಕಾಲಿಟ್ಟುಕೊಂಡು ಹುಣಸೂರು ತಲುಪಿದೆ. ಸತೀಶ ಕಂಪ್ಯೂಟರ್ ಒತ್ತಿದ. ‘ಅಣ್ಣ, ನಿನ್ನೆನೇ ಡೆಲಿವರಿ ಆಗ್ಬುಟ್ಟದೆ ಕಣಣ್ಣ!’

ಎಲ್ಲಿ ಡೆಲಿವರಿ? ಯಾರಿಗೆ ಡೆಲಿವರಿ? ಅವನು ಇನ್ನೊಂದು ಸಾಲು ತೋರಿಸಿದ. ಸ್ವೀಕರಿಸಿದವರು: ಸ್ವತಃ.

ಅಂದರೆ ನಾನೇ! ಆ ಸಾಲನ್ನು ನೋಡುತ್ತ ನಾನು ಎಷ್ಟು ಹೊತ್ತು ಕೂತಿದ್ದೆನೋ. ನಾನು ಯಾರು ಎಂಬ ಪ್ರಶ್ನೆಗೆ ಉತ್ತರ ಹುಡುಕುತ್ತ ಋಷಿಗಳು ಗಡ್ಡ ಬೆಳ್ಳಗಾಗುವವರೆಗೆ ಕಾಡಿನಲ್ಲಿ ಕೂತರಂತೆ. ನನಗೆ ಹುಣಸೂರು ಬಸ್‌ಸ್ಟ್ಯಾಂಡಿನ ಹಿಂದಿನ ಸಂದಿಯಲ್ಲೇ ಆ ಪ್ರಶ್ನೆ ಎದುರಾಯಿತು. ಕತ್ತರಿ ಪಡೆದ ಒಬ್ಬ ನಂಜುಂಡಸ್ವಾಮಿ ಎಲ್ಲೋ ಇದ್ದಾನೆ, ಕತ್ತರಿ ಕಾಣದ ಇನ್ನೊಬ್ಬ ನಂಜುಂಡಸ್ವಾಮಿ ಇಲ್ಲಿ ಗಂಟೆಗಿಷ್ಟು ಕೊಟ್ಟು ಕೂತಿದ್ದಾನೆ. ಇವರಿಬ್ಬರಲ್ಲಿ ನಿಜವಾದವನು ಯಾರು? ಕಂಪ್ಯೂಟರಿನ ಮಾತಿಗೆ ಎದುರು ಮಾತಾಡಲು ಆಗ ಯಾರಿಗೂ ಧೈರ್ಯವಿರಲಿಲ್ಲ. ಮಂಪರಿನಲ್ಲಿ ಎಲ್ಲೋ ತೆಗೆದಿಟ್ಟೆನೇನೋ ಎಂದು ಮನೆಗೆ ಬಂದು ಅಟ್ಟವನ್ನೂ ಹುಡುಕಿದೆ!

ಶುಕ್ರವಾರ ಮತ್ತೆ ಬಸ್ಸು, ಮತ್ತೆ ಅದೇ ಸೀಟು, ಅದೇ ಗೋಣಿಯ ಮೇಲೆ ಕಾಲು. ಸತೀಶನಿಂದ ದೂರು ಬರೆಸಿದೆ. ಶನಿವಾರ ಉತ್ತರ ಬಂದಿತ್ತು: ನಮ್ಮ ದಾಖಲೆಯ ಪ್ರಕಾರ ವಸ್ತು ನಿಮ್ಮ ಕೈ ಸೇರಿದೆ, ಅದು ನಿಮಗೆ ಸಂತೋಷ ತಂದಿದೆ ಎಂದು ನಂಬಿದ್ದೇವೆ, ದಯವಿಟ್ಟು ನಕ್ಷತ್ರ ಕೊಡಿ. ನನ್ನ ಜನ್ಮನಕ್ಷತ್ರದ ಬಗ್ಗೆಯೇ ನನಗೆ ಅನುಮಾನ ಬಂದಿದ್ದ ಹೊತ್ತಿನಲ್ಲಿ ಇವರಿಗೆ ಎಲ್ಲಿಂದ ತಂದು ಕೊಡಲಿ?

ಇಷ್ಟಾದರೂ ನಾನು ಈ ವಿಷಯವನ್ನು ಸತೀಶನನ್ನು ಬಿಟ್ಟು ಇನ್ಯಾರ ಹತ್ತಿರವೂ ಬಾಯಿಬಿಟ್ಟಿರಲಿಲ್ಲ. ಬಸ್ಸಿನಲ್ಲಿ ಪಕ್ಕದಲ್ಲೇ ಕೂತ ಪುಟ್ಟರಾಜು, ‘ಏನ್ ಪೋಸ್ಟಣ್ಣ, ದಿನಾ ಉಣಸೂರು?’ ಎಂದು ಕೇಳಿದರೆ, ‘ಇಲಾಖೆ ಕೆಲಸ’ ಎಂದು ಗತ್ತಿನಿಂದ ಕಿಟಕಿಯ ಕಡೆ ತಿರುಗುತ್ತಿದ್ದೆ. ಊರಿಗೆಲ್ಲ ಪಾರ್ಸೆಲ್ ಹಂಚುವವನ ಪಾರ್ಸೆಲ್ಲೇ ಕಳೆದುಹೋಯಿತು ಎಂದು ಹೇಗೆ ಹೇಳಲಿ? ಹೇಳಿದ್ದರೆ ರಾಜಣ್ಣನ ಹೋಟೆಲಿನಲ್ಲಿ ಆರು ತಿಂಗಳು ಆ ಮಾತೇ ಓಡುತ್ತಿತ್ತು. ಸಾವಿತ್ರಿಗೂ, ‘ದಾರೀಲಿದೆ’ ಎಂದಷ್ಟೇ ಹೇಳಿದ್ದೆ. ಅದು ಎಷ್ಟು ನಿಜ ಎಂದು ಆಗ ನನಗೇ ತಿಳಿದಿರಲಿಲ್ಲ.

ಕೊನೆಗೆ ಸತೀಶನೇ ಕೊರಿಯರ್‌ನವರ ಅಂಗಡಿ ಎಲ್ಲಿದೆ ಎಂದು ತೋರಿಸಿದ. ಒಂದು ಜೆರಾಕ್ಸ್ ಮಿಷಿನ್, ಒಂದು ಮೇಜು, ಮೇಜಿನ ಹಿಂದೆ ಒಬ್ಬ. ನಾನು ಮೂರು ದಿನದ ಸಿಟ್ಟನ್ನೆಲ್ಲ ಒಟ್ಟುಗೂಡಿಸಿ ಅವನ ಮೇಲೆ ಬಿದ್ದೆ. ಅವನು ಪೂರ್ತಿ ಕೇಳಿಸಿಕೊಂಡು, ಶಾಂತನಾಗಿ ಹೇಳಿದ: ‘ನಿಮ್ಗೆ ಫೋನ್ ಮಾಡ್ದೆ ಸಾ, ಸಿಗ್ನಿಲ್ಲ. ಬುಧವಾರನೇ ಕೋಟೆ ಬಸ್ಸಿಗೆ ಕೊಟ್ಟಿವ್ನಿ. ಬಸ್ಸಿಗೆ ಕೊಟ್ರೆ ನಿಮ್ಗೆ ಕೊಟ್ಟಂಗೇ ಅಲ್ವಾ?’

ಫೋನ್ ಸಿಗದಿದ್ದುದು ನಿಜ. ನಮ್ಮೂರಿನಲ್ಲಿ ನೀರಿನ ಟ್ಯಾಂಕಿನ ಬುಡ ಬಿಟ್ಟರೆ ಇನ್ನೆಲ್ಲೂ ಸಿಗ್ನಲ್ ಬರುವುದಿಲ್ಲ. ‘ಹಂಗಾದ್ರೆ ಸ್ವತಃ ಅಂತ ಯಾಕೆ ಹಾಕ್ದೆ?’ ಎಂದು ಗುಡುಗಿದೆ. ‘ಬಸ್ಸು ಅಂತ ಬರಿಯಕ್ಕೆ ಅದ್ರಲ್ಲಿ ಜಾಗ ಇಲ್ಲ ಸಾ’ ಎಂದ. ಕೊಟ್ಟರೆ ಕೊಟ್ಟಂತೆಯೇ! ಇದು ನನ್ನದೇ ಮಾತು. ರಾಜಣ್ಣನ ಸಕ್ಕರೆ ಡಬ್ಬಿಗೆ ಒರಗಿ ಕೂತ ಕಾಗದಗಳೆಲ್ಲ ಒಟ್ಟಾಗಿ ನನ್ನನ್ನು ನೋಡಿ ನಕ್ಕಂತಾಯಿತು.

ಮಧ್ಯಾಹ್ನ ಕೋಟೆಗೆ ಹೊರಟ ಬಸ್ಸಿಗೆ ಓಡಿ ಹೋಗಿ, ಹತ್ತಿ, ನನ್ನ ಸೀಟಿನಲ್ಲಿ ಕೂತೆ. ಪುಟ್ಟರಾಜು ಆಗಲೇ ಇಂಜಿನ್ ಚಾಲು ಮಾಡಿದ್ದ. ಮರ್ಯಾದೆ ಹಾಳಾಗಿ ಹೋಗಲಿ ಎಂದುಕೊಂಡು ಏದುಸಿರಿನಲ್ಲೇ ಕೇಳಿದೆ: ‘ಪುಟ್ರಾಜು, ಬುಧವಾರ ಯಾರಾದ್ರೂ ನಿನ್ನ ಕೈಲಿ ನಂಜುಂಡಸ್ವಾಮಿ ಅಂತ ಒಂದು ಪಾರ್ಸೆಲ್ ಕೊಟ್ರಾ?’

‘ಊ ಕಣಣ್ಣ! ನಿಮ್ಮೂರಿಂದೇ. ದಿನಾ ಸಂಜೆ ಸ್ಟಾಪಲ್ಲಿ ನಿಲ್ಸಿ ನಂಜುಂಡಸ್ವಾಮಿ ಯಾರು, ನಂಜುಂಡಸ್ವಾಮಿ ಯಾರು ಅಂತ ಕೇಳಿವ್ನಿ. ಅಂತೋರು ಯಾರೂ ಇಲ್ಲ ಅಂದ್ರು. ನಿನ್ನ ಕೇಳವ ಅಂದ್ರೆ ನೀನು ಕಿಟ್ಕಿ ಕಡೆ ತಿರಿಕ್ಕೋತಿದ್ದೆ. ನಿಂಗೊತ್ತಾ ಅವ್ರು?’

‘ಅದು ನಾನೇ ಕಣಪ್ಪಾ!’

ಪುಟ್ಟರಾಜು ನನ್ನನ್ನು ನೋಡಿದ, ನನ್ನ ಕಾಲ ಬುಡವನ್ನು ನೋಡಿದ, ಸ್ಟೀರಿಂಗಿನ ಮೇಲೆ ತಲೆಯಿಟ್ಟು ನಗತೊಡಗಿದ. ‘ಅಯ್ಯೋ ಪೋಸ್ಟಣ್ಣ, ಮೂರ್ ದಿನದಿಂದ ಅದ್ರ ಮ್ಯಾಲೇ ಕಾಲ್ ಮಡಗಿದ್ಯಲ್ಲ!’

ಗೋಣಿತಟ್ಟು ಬಿಚ್ಚಿದರೆ ಒಳಗೆ ಮೊಳದುದ್ದದ ರಟ್ಟಿನ ಡಬ್ಬ, ಅದರ ಮೇಲೆ ನನ್ನ ಚಪ್ಪಲಿಯ ಅಚ್ಚು, ಅಚ್ಚಿನ ಅಡಿಯಲ್ಲಿ ನನ್ನ ಪೂರ್ತಿ ಹೆಸರು! ಕಂಪ್ಯೂಟರ್ ಹೇಳಿದ್ದು ಹಾಗಾದರೆ ಪೂರಾ ಸುಳ್ಳಲ್ಲ. ಆ ಕ್ಷಣದಲ್ಲಿ ನನಗಾದ ಸಂತೋಷವನ್ನು ಏನೆಂದು ಹೇಳಲಿ. ಕಾಲು ತಾಗಿದ ವಸ್ತುವಲ್ಲವೇ, ಅದೂ ಹೊಟ್ಟೆಪಾಡಿನ ಆಯುಧ, ಅಲ್ಲೇ ಡಬ್ಬವನ್ನೆತ್ತಿ ಎರಡು ಕಣ್ಣಿಗೂ ಒತ್ತಿಕೊಂಡೆ. ಹಿಂದಿನ ಸೀಟಿನ ಅಜ್ಜಿಯೊಬ್ಬರು, ‘ಯಾವ ದೇವ್ರ ಪರ್ಸಾದ ಮಗಾ, ನಂಗೂ ಒಸಿ ಕೊಡು’ ಎಂದು ಕೈ ಚಾಚಿದರು.

ದಾರಿಯಲ್ಲಿ ಪುಟ್ಟರಾಜು ಒಂದು ಮಾತು ಹೇಳಿದ. ‘ಕಂಡಕ್ಟ್ರು ಓಟ್ಲಲ್ಲಿ ಕೊಟ್ಬುಡು ಅಂದ್ರು ಕಣಣ್ಣ. ನಾನ್ ಬುಡ್ನಿಲ್ಲ. ಇನ್ನೊಬ್ರ ವಸ್ತ, ಅವ್ರ ಕೈಗೇ ಕೊಡ್ಬೇಕಲ್ವಾ?’ ನಾನು ಹೌದು ಎಂದೆ. ಬೇರೇನನ್ನೂ ಹೇಳುವ ಯೋಗ್ಯತೆ ನನಗಿರಲಿಲ್ಲ. ಆದರೆ ಯೋಚನೆ ಮಾತ್ರ ಬಿಡಲಿಲ್ಲ. ಮೂರು ದಿನ ನನ್ನ ಕಷ್ಟವನ್ನೆಲ್ಲ ಎಲ್ಲಿಯೋ ಇರುವ ಯಾರಿಗೋ ಬರೆದು ಕೂತಿದ್ದೆ. ಪಕ್ಕದಲ್ಲಿ ಕೂತವನಿಗೆ ಒಂದೇ ಒಂದು ಮಾತು ಹೇಳಿದ್ದರೆ ಗುರುವಾರ ಬೆಳಿಗ್ಗೆಯೇ ಕತ್ತರಿ ಮೊಳೆಗೆ ಬೀಳುತ್ತಿತ್ತು.

ಸಾವಿತ್ರಿ ಡಬ್ಬ ಬಿಚ್ಚಿ ಕತ್ತರಿಯನ್ನು ಎಡಗೈಗೆ ತೆಗೆದುಕೊಂಡಳು. ಹಳೆಯ ಪಂಚೆಯೊಂದರ ಮೇಲೆ ಸೀಮೆಸುಣ್ಣದ ಗೆರೆ ಎಳೆದು ಕತ್ತರಿಸಲು ಹೋದರೆ ಸೊಟ್ಟಗೆ ಓಡಿತು. ಮೂವತ್ತು ವರ್ಷದ ಅಭ್ಯಾಸ, ಬೆರಳು ತಾನಾಗಿಯೇ ಅಲಗನ್ನು ತಪ್ಪು ಕಡೆಗೆ ಒತ್ತುತ್ತಿತ್ತು. ಅವಳು ಇನ್ನೊಂದು ಗೆರೆ ಎಳೆದಳು. ಇನ್ನೊಂದು. ನಾಲ್ಕನೆಯದರಲ್ಲಿ ಕೈ ನಿಧಾನವಾಗಿ ಸಡಿಲವಾಯಿತು. ಅರ್ಧ ದಾರಿಯಲ್ಲಿ ನಿಲ್ಲಿಸಿ, ತಲೆಯೆತ್ತಿ, ಚಿಕ್ಕ ಹುಡುಗಿಯ ಹಾಗೆ ಕೂಗಿದಳು: ‘ರೀ, ಗೆರೆ ಕಾಣ್ತದೆ ಕಣ್ರೀ!’

ಕಣ್ಣಲ್ಲಿ ನೀರು ಬಂದದ್ದು ಅವಳಿಗೂ ಹೌದು, ನನಗೂ ಹೌದು. ಆಮೇಲೆ ಅವಳೇ ನೀರಿನ ಟ್ಯಾಂಕಿನ ಹತ್ತಿರ ಹೋಗಿ, ಪಿರಿಯಾಪಟ್ಟಣಕ್ಕೆ ಫೋನ್ ಮಾಡಿ, ಮಿಷಿನ್ ಕೊಡೋದಿಲ್ಲ ಎಂದು ಹೇಳಿ ಬಂದಳು. ಆ ಕಂಪ್ಯೂಟರಿನವರು ಡೆಲಿವರಿ ಎಂದು ಹಾಕಬೇಕಾಗಿದ್ದುದು ಶನಿವಾರದ ಆ ಹೊತ್ತಿಗೆ. ಅದನ್ನು ಬರೆಯಲೂ ಅದರಲ್ಲಿ ಜಾಗ ಇರಲಿಲ್ಲವೇನೋ.

ಸೋಮವಾರ ಕೆಂಪಮ್ಮನಿಗೆ ಒಂದು ರಿಜಿಸ್ಟರ್ ಕಾಗದ ಬಂತು. ಕಾಲು ತಾನಾಗಿಯೇ ಹೋಟೆಲಿನ ಕಡೆ ತಿರುಗಿತು. ಅದನ್ನು ಗದರಿಸಿ, ಊರ ಕೊನೆಯ ಅವಳ ಮನೆಗೇ ನಡೆದೆ. ಎಂಥ ಉತ್ಸಾಹ ಅಂತೀರಿ, ಇಪ್ಪತ್ತು ವರ್ಷದ ಪಾಪವನ್ನೆಲ್ಲ ಒಂದೇ ಬೆಳಿಗ್ಗೆ ತೊಳೆದುಬಿಡುವ ಉತ್ಸಾಹ! ಬಾಗಿಲಲ್ಲಿ ನನ್ನನ್ನು ಕಂಡದ್ದೇ ಕೆಂಪಮ್ಮ ಕೈಲಿದ್ದ ಮೊರವನ್ನು ಕೆಳಗೆ ಹಾಕಿ, ಎದೆ ಹಿಡಿದುಕೊಂಡು ಕುಸಿದು ಕೂತಳು.

‘ಅಯ್ಯೋ ಶಿವ್ನೇ, ಯಾರು ಓದ್ರು ಯೋಳಪ್ಪ!’

‘ಯಾರೂ ಹೋಗ್ನಿಲ್ಲ ಕಣವ್ವ, ಕಾಗದ ಬಂದದೆ. ನಿನ್ ಕೈಗೇ ಕೊಡಣ ಅಂತ ಬಂದೆ.’

ಅವಳಿಗೆ ಉಸಿರು ಮರಳಿ ಬರಲು ಒಂದು ಚೊಂಬು ನೀರು ಬೇಕಾಯಿತು. ಆಮೇಲೆ ನನ್ನನ್ನು ಜಗಲಿಯ ಮೇಲೆ ಕೂರಿಸಿ, ಹೊಸ ಬೆಲ್ಲದ ಕಾಫಿ ಕೊಟ್ಟು, ಸಹಿಯ ಜಾಗದಲ್ಲಿ ತಾನೇ ಒಂದೊಂದೇ ಅಕ್ಷರ ಕೂಡಿಸಿ ಹೆಸರು ಬರೆದಳು. ನಾನು ಹೊರಡುವಾಗ, ‘ನಾಳೆನೂ ಬಾರಪ್ಪ’ ಎಂದಳು. ಕಾಗದ ಇದ್ದರೆ ಬರುತ್ತೇನೆ ಎಂದೆ. ‘ಕಾಗ್ದ ಇಲ್ದಿದ್ರೂ ಬಾ’ ಎಂದಳು ಕೆಂಪಮ್ಮ, ‘ನಂಗೂ ರೂಢಿ ಆಗ್ಲಿ. ಇಲ್ದಿದ್ರೆ ಇನ್ನೊಂದ್ಸಲ ನೀನು ಬಂದಾಗ ನನ್ ಜೀವ ಓಯ್ತದೆ.’