ಒಣಗಲಿ ಮೇಸ್ತ್ರಿಯ ಬಚ್ಚಲ ಬಾಗಿಲು

ನಮ್ಮ ಬೀದಿಯ ಬಡಗಿಯನ್ನು ಊರವರು ಕರೆಯುವುದು ಒಣಗಲಿ ಮೇಸ್ತ್ರಿ ಎಂದು. ಯಾವ ಮರ ತಂದುಕೊಟ್ಟರೂ ಅದಕ್ಕೆ ಕೆನ್ನೆ ಒತ್ತಿ, ಬೆರಳಲ್ಲಿ ಎರಡು ಸಲ ತಟ್ಟಿ, "ಒಣಗಲಿ" ಎಂದು ಗೋಡೆಗೆ ಒರಗಿಸಿಬಿಡುತ್ತಾರೆ. ಮದುವೆಗೆಂದು ಹೇಳಿದ ಕಪಾಟು ಮೊದಲ ಮಗುವಿನ ಹೊತ್ತಿಗೆ ಮನೆ ಸೇರಿದ್ದುಂಟು. ಆದರೆ ಅವರು ಮಾಡಿದ ಕಪಾಟು ಕಿರ್ ಎಂದದ್ದನ್ನು ಯಾರೂ ಕೇಳಿಲ್ಲ.

ಕಳೆದ ವರ್ಷ ಹೊಳೆ ಊರೊಳಗೆ ಬಂದು ಮೂರು ದಿನ ಸೊಂಟದ ಮಟ್ಟಕ್ಕೆ ನಿಂತಿತು. ಇಳಿದ ಮೇಲೆ ಕೆಸರು ಬಾಚಿದೆವು, ಪಾತ್ರೆ ತೊಳೆದೆವು. ಬಾಗಿಲುಗಳನ್ನು ಮಾತ್ರ ಏನೂ ಮಾಡಲಾಗಲಿಲ್ಲ. ನೀರು ಕುಡಿದು ಉಬ್ಬಿದ್ದವು. ಮುಚ್ಚಿದ್ದು ತೆರೆಯದು, ತೆರೆದದ್ದು ಮುಚ್ಚದು. ಬಚ್ಚಲಿನದೇ ದೊಡ್ಡ ಫಜೀತಿ. ಒಳಗಿದ್ದೇವೆಂದು ತಿಳಿಸಲು ಎಲ್ಲರೂ ಹಾಡತೊಡಗಿದರು. ಯಾರೊಂದಿಗೂ ಮಾತಾಡದ ಪೋಸ್ಟ್‌ಮಾಸ್ತರರಿಗೆ ಬರುವುದು ಒಂದೇ ಹಾಡು, ಅದೂ ಲಾಲಿ ಹಾಡು ಎಂದು ಇಡೀ ಬೀದಿಗೆ ಗೊತ್ತಾಯಿತು.

ಜನ ಮೇಸ್ತ್ರಿಯ ಬಳಿ ಓಡಿದರು. "ಈಗ ಕೀಸಿದ್ರೆ ಒಣಗಿದ ಮೇಲೆ ಸಂದಿ ಬೀಳುತ್ತೆ. ನಲವತ್ತು ದಿನ ತಡೀರಿ" ಎಂದರು ಮೇಸ್ತ್ರಿ. ಯಾರು ತಡೆಯುತ್ತಾರೆ? ಆಚೆ ದಡದ ಬಡಗಿಯೊಬ್ಬ ಬಂದು ಎರಡೇ ವಾರದಲ್ಲಿ ಎಲ್ಲ ಬಾಗಿಲುಗಳನ್ನೂ ಕೀಸಿ ಮುಚ್ಚಿಸಿದ. ಹಾಡುಗಳು ನಿಂತವು. ಮೇಸ್ತ್ರಿಯ ಮನೆಯ ಬಚ್ಚಲು ಮಾತ್ರ ಬಾಯಿ ಬಿಟ್ಟುಕೊಂಡೇ ಇತ್ತು.

ಆಗ ಅವರ ಅತ್ತೆ ಟ್ರಂಕು ಹಿಡಿದು ಬಂದರು. ತಗ್ಗಿನಲ್ಲಿದ್ದ ಅವರ ಓಣಿಯಲ್ಲಿ ಇನ್ನೂ ನೀರಿತ್ತು. ಬಚ್ಚಲನ್ನೊಮ್ಮೆ ನೋಡಿ ಹೊರಬಂದರು.

"ಅಳಿಯಂದ್ರೇ, ನಾನು ಹಾಡೋಳಲ್ಲ."

"ಕೆಮ್ಮಿದ್ರೂ ಸಾಕು, ಅತ್ತೆ."

"ಕೆಮ್ಮಿಕೊಂಡು ಸ್ನಾನ ಮಾಡೋಕೆ ನನಗೇನು ಕಾಯಿಲೆಯಾ? ಭಾನುವಾರದೊಳಗೆ ಆ ಬಾಗಿಲು ಮುಚ್ಚದಿದ್ರೆ ಚಿಕ್ಕ ಮಗಳ ಮನೆಗೆ ಹೊರಟೆ."

"ಅಮ್ಮ ಹೋದ್ರೆ ಹಿಂದೇನೇ ನಾನೂ" ಎಂದರು ಹೆಂಡತಿ. "ನಿಮ್ಮ ಮರ ಒಣಗಿದ ಮೇಲೆ ಕಾಗದ ಬರೀರಿ."

ಮೇಸ್ತ್ರಿ ಎರಡು ದಿನ ಆ ಬಾಗಿಲಿನ ಸುತ್ತಲೇ ಸುತ್ತಿದರು. ಕೀಸಿದರೆ ಮೂವತ್ತು ವರ್ಷದ ಮಾತು ಹೋಗುತ್ತದೆ, ಕೀಸದಿದ್ದರೆ ಹೆಂಡತಿ ಹೋಗುತ್ತಾರೆ. ಒಂದು ಸಲ ಕೀಸುಳಿ ಎತ್ತಿಯೂ ಎತ್ತಿದರು. ಹಾಗೇ ಕೆಳಗಿಟ್ಟರು.

ಶನಿವಾರ ಮಧ್ಯಾಹ್ನ ಬಾಗಿಲನ್ನು ಕಳಚಿ ಹಿತ್ತಲ ನೆರಳಲ್ಲಿ ನಿಲ್ಲಿಸಿದರು. ಮನೆಯಲ್ಲಿ ನೀರು ಮುಟ್ಟದ ಮರವೆಂದರೆ ಮಹಡಿಯ ಮಂಚವೊಂದೇ. ಮದುವೆಯಾದ ವರ್ಷ ತಾವೇ ಮಾಡಿ, ತಲೆಯ ಕಡೆ ಎರಡು ಗಿಣಿ ಕೆತ್ತಿದ್ದರು. ಅದನ್ನು ಬಿಚ್ಚಿ, ಹಲಗೆಗಳನ್ನು ಕೊಯ್ಯದೆ ಹಾಗೇ ಬಾಗಿಲಾಗಿ ಜೋಡಿಸಿದರು. ಸಂಜೆಯೊಳಗೆ ಬಚ್ಚಲಿಗೆ ಗಿಣಿ ಬಾಗಿಲು ಬಂತು.

ಅತ್ತೆ ಒಳಗೆ ಹೋಗಿ ಚಿಲಕ ಹಾಕಿದರು. ಒಂದು ಗಂಟೆಯಾದರೂ ಹೊರಗೆ ಬರಲಿಲ್ಲ. ಹೆಂಡತಿ ಹೊರಡಲೆಂದು ಕಟ್ಟಿದ್ದ ಬಟ್ಟೆಯ ಗಂಟನ್ನು ಬಿಚ್ಚಿದರು.

"ಮಂಚ ಹೋಯ್ತಲ್ಲ, ಮಲಗೋದೆಲ್ಲಿ?"

"ಚಾಪೆ ಮೇಲೆ. ನೀನಿದ್ದೀಯಲ್ಲ, ಸಾಕು."

"ತಲೆ ನರೆತ್ರೂ ಬುದ್ಧಿ ಬರಲಿಲ್ಲ ನಿಮಗೆ" ಎಂದು ಹೆಂಡತಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು.

ನಲವತ್ತು ದಿನ ಕಳೆದವು. ಕೀಸಿದ ಬಾಗಿಲುಗಳಲ್ಲೆಲ್ಲ ಬೆರಳು ತೂರುವಷ್ಟು ಸಂದಿ ಬಿದ್ದು, ಜನ ಒಬ್ಬೊಬ್ಬರಾಗಿ ತಲೆ ಕೆರೆದುಕೊಳ್ಳುತ್ತ ಮೇಸ್ತ್ರಿಯ ಅಂಗಳಕ್ಕೆ ಬಂದರು. ಅವರೆದುರಿಗೇ ಮೇಸ್ತ್ರಿ ಗಿಣಿ ಬಾಗಿಲನ್ನು ಕಳಚಿಟ್ಟು, ಒಣಗಿದ ಹಳೆಯ ಬಾಗಿಲನ್ನು ಕೀಸದೆಯೇ ಬಚ್ಚಲಿಗೆ ಕೂರಿಸಿದರು. ಒಂದೇ ಬೆರಳಿಗೆ ಮುಚ್ಚಿಕೊಂಡಿತು. ಮೇಸ್ತ್ರಿಯ ಮುಖ ಅರಳಿತು. ಇನ್ನು ಮಂಚ ಜೋಡಿಸೋಣವೆಂದು ಗಿಣಿ ಬಾಗಿಲಿಗೆ ಕೈ ಹಾಕಿದರು.

ಅತ್ತೆ ಟ್ರಂಕು ಹಿಡಿದು ಹಿಂದೆ ನಿಂತಿದ್ದರು. "ಅದನ್ನ ಬಿಚ್ಚಬೇಡಿ, ಹಾಗೇ ಗಾಡಿಗೆ ಹಾಕಿ. ನಮ್ಮನೆ ಬಚ್ಚಲ ಬಾಗಿಲು ಹೊಳೆ ಪಾಲಾಗಿದೆ."

ಮೇಸ್ತ್ರಿ ಹೆಂಡತಿಯ ಮುಖ ನೋಡಿದರು. ಆಕೆ ಆಗಲೇ ಬಾಗಿಲಿನ ಒಂದು ತುದಿ ಎತ್ತಿ ಹಿಡಿದಿದ್ದರು.

"ನೋಡ್ತಾ ನಿಂತ್ರೆ ಹೇಗೆ? ಆ ಕಡೆ ಹಿಡೀರಿ."