ಅಮ್ಮ ಹಾಡದ ಪದ

ಹೊಸದಾಗಿ ಸುಣ್ಣ ಬಳಿದ ಗೋಡೆಯ ಹಸಿ ವಾಸನೆ ಮೂಗಿಗೆ ಬಡಿದರೆ ಈಗಲೂ ನನಗೆ ನಿಂತಲ್ಲಿ ನಿಲ್ಲಲಾಗುವುದಿಲ್ಲ. ತರೀಕೆರೆಯ ನಮ್ಮ ಚರ್ಚಿಗೆ ಸುಣ್ಣ ಬಳಿಯುತ್ತಿದ್ದ ಆ ವಾರವಿಡೀ ಅಮ್ಮ ಒಲೆಗೂ ಬಾಗಿಲಿಗೂ ನಡುವೆ ಓಡಾಡುತ್ತಲೇ ಇದ್ದಳು. ಕೈಗೆತ್ತಿಕೊಂಡ ಮೊರವನ್ನು ಅಲ್ಲೇ ಬಿಟ್ಟು ಬೀದಿ ನೋಡುವಳು. ಗಾಡಿಯ ಸದ್ದಾದರೆ ಸೆರಗು ಸರಿಮಾಡಿಕೊಳ್ಳುವಳು. ನನಗಾಗ ಒಂಬತ್ತು ವರ್ಷ. ದೂರದ ಸೀಮೆಯಲ್ಲಿ ಇಂಗ್ಲಿಷರಿಗೂ ಜರ್ಮನರಿಗೂ ಯುದ್ಧ ನಡೆಯುತ್ತಿತ್ತು. ನಮ್ಮ ಪಂಗಡಕ್ಕೆ ಮೂಲವಾದ ಜರ್ಮನಿಯ ಸನ್ಯಾಸಿಯೊಬ್ಬ ಪೋಪನ ಮೇಲಿನ ತನ್ನ ತಕರಾರುಗಳನ್ನು ಬರೆದು ಚರ್ಚಿನ ಬಾಗಿಲಿಗೆ ಮೊಳೆ ಹೊಡೆದು ಆ ವರ್ಷಕ್ಕೆ ನಾನೂರು ವರ್ಷ ತುಂಬುತ್ತಿತ್ತು. ಅದರ ಹಬ್ಬಕ್ಕೇ ಈ ಸುಣ್ಣ.

ಅಪ್ಪ ನಮ್ಮ ಚರ್ಚಿನ ಉಪದೇಶಿ. ಆ ಸನ್ಯಾಸಿಯ ಕಥೆಯನ್ನು ಹರಿಕಥೆಯ ಧಾಟಿಯಲ್ಲಿ, ಚಿಟಿಕೆ ಹಿಡಿದು, ಅಂಗಳದಲ್ಲಿ ಊರವರೆಲ್ಲರ ಮುಂದೆ ಹೇಳಬೇಕೆಂದು ಅವನ ಹಟ. ಇಂಗ್ಲಿಷ್ ಪಾದ್ರಿ ದೊರೆಗೆ ಅದು ಹಿಡಿಸಲಿಲ್ಲ. ಜರ್ಮನಿಯವನ ಹಬ್ಬವೆಂದು ಅಮಲ್ದಾರರ ಕಿವಿಗೆ ಬಿದ್ದರೆ ಏನು ಗತಿ, ನಾಲ್ಕು ಸ್ತೋತ್ರ ಹಾಡಿ ಮುಗಿಸಿ ಎಂದರು. "ಜನ ಆಡೋ ಮಾತ್ನಲ್ಲೇ ಹಾಡಿ ಅಂದೋನು ಆತ, ಅಯ್ಯನೋರೆ. ನಮ್ ಜನ ಹಾಡೋದು ಹಿಂಗೇ" ಎಂದ ಅಪ್ಪ. ದೊರೆ ಮನಸ್ಸಿಲ್ಲದೆ ಒಪ್ಪಿದರು. ಕಥೆಯ ನಡುವಿನ ಹಾಡಿಗೆ ಅಪ್ಪ ಆರಿಸಿಕೊಂಡದ್ದು ಅಮ್ಮನ ತವರಿನ ರಾಗಿ ಬೀಸುವ ಪದದ ಧಾಟಿಯನ್ನು. ಮಾತು ಅವನದು, ದನಿ ಅಮ್ಮನದು.

ಅಮ್ಮ ಯಗಟಿಯ ಒಕ್ಕಲುಮನೆಯ ಕೆಂಚಮ್ಮ. ಮದುವೆಯಾದ ಮೇಲೆ ಅಪ್ಪ ಕ್ರೈಸ್ತನಾದಾಗ ಅವಳೂ ಹಿಂದೆಯೇ ಬಂದು ಮಾರ್ತಮ್ಮನಾದಳು. ಅಂದಿನಿಂದ ತವರಿನ ಬಾಗಿಲು ಮುಚ್ಚಿತ್ತು; ನಾನು ತಾತನ ಮುಖವನ್ನೇ ಕಂಡಿರಲಿಲ್ಲ. ಈಗ ಅಮ್ಮ, ಯಗಟಿಯಿಂದ ಸಂತೆಗೆ ತೆಂಗಿನಕಾಯಿ ತರುವ ಗಾಡಿಯವನ ಕೈಲಿ ಹೇಳಿಕಳಿಸಿದ್ದಳು: "ಕೆಂಚಿ ಹಾಡ್ತಾಳಂತೆ ಅನ್ನು ನಮ್ಮಪ್ಪಯ್ಯನ್ಗೆ. ಅಷ್ಟೇ ಸಾಕು."

ಹಬ್ಬದ ದಿನ ಬಿಸಿಲು ಇಳಿಯುವಷ್ಟರಲ್ಲಿ ಅಂಗಳ ತುಂಬಿತ್ತು. ನಾವು ಮಕ್ಕಳು ಕೋಲಾಟ ಆಡಿದೆವು. ನನ್ನ ಕೋಲು ಎರಡು ಸಲ ತಪ್ಪಿತು, ಯಾಕೆಂದರೆ ನಾನೂ ದಾರಿಯನ್ನೇ ನೋಡುತ್ತಿದ್ದೆ. ಆಮೇಲೆ ಅಪ್ಪನ ಕಥೆ ಶುರುವಾಯಿತು. ಅಮ್ಮ ಎದ್ದು ನಿಂತಾಗ ಮೊದಲ ಸಾಲಿಗೆ ದನಿ ನಡುಗಿತು, ಎರಡನೆಯದಕ್ಕೆ ತೆರೆದುಕೊಂಡಿತು. ಅಷ್ಟರಲ್ಲಿ ಕಂಬಳಿ ಹೊದ್ದ ಮುದುಕನೊಬ್ಬ ಬೇಲಿಯಾಚೆ ಬಂದು ನಿಂತ. ಅಮ್ಮ ಹಾಡು ನಿಲ್ಲಿಸಲಿಲ್ಲ. ಅವನ ಮೇಲಿಂದ ಕಣ್ಣನ್ನೂ ಕೀಳಲಿಲ್ಲ.

ಮುಗಿದೊಡನೆ ಅವಳು ಓಡಿದಳು, ಹಿಂದೆಯೇ ನಾನೂ. ತಾತ ಬೇಲಿ ದಾಟಿ ಒಳಗೆ ಬರಲಿಲ್ಲ. "ದನಿ ನಿಮ್ಮವ್ವಂದೇ ಕಣೇ ಕೆಂಚಿ" ಎಂದ. ಕಂಬಳಿ ಸರಿಮಾಡಿಕೊಂಡು, "ಪದ ಅದಲ್ಲ, ಆದ್ರೆ. ಊರಮ್ಮನ್ನ ಕರೀತಾರಲ್ಲ, ಆ ಪದ ಒಂದ್ಸಲ ಹೇಳು. ನಿಮ್ಮವ್ವ ಹೋದ್ಮೇಲೆ ಮನೇಲಿ ಯಾರೂ ಹಾಡಿಲ್ಲ" ಎಂದ.

ಉಪದೇಶಿಯ ಹೆಂಡತಿ ಏನು ಮಾಡುತ್ತಾಳೆಂದು ಬೇಲಿಯೊಳಗೆ ದೊರೆ, ಸಭೆಯವರು, ಎಲ್ಲರೂ ನೋಡುತ್ತಿದ್ದರು. ಅಮ್ಮ ತಿರುಗಿ ಅಪ್ಪನ ಮುಖ ನೋಡಿದಳು. ಯಾರಿಗೂ ಹೆದರದ ಸನ್ಯಾಸಿಯ ಕಥೆಯನ್ನು ಆಗತಾನೇ ಹೇಳಿ ಮುಗಿಸಿದ್ದ ಅಪ್ಪ ನೆಲ ನೋಡಿದ.

"ಇಲ್ಲಿ ಬ್ಯಾಡ ಅಪ್ಪಯ್ಯ. ಕ್ರಿಸ್ಮಸ್ಸಿಗೆ ಮನೆಗ್ ಬಾ, ಹಾಡ್ತೀನಿ."

"ಆಯ್ತು ಬಿಡವ್ವ, ಬತ್ತೀನಿ" ಎಂದ ತಾತ. ನನ್ನ ತಲೆಯ ಮೇಲೆ ಒರಟು ಅಂಗೈಯನ್ನು ಒಂದು ಕ್ಷಣ ಇಟ್ಟು ಗಾಡಿಯ ಕಡೆ ನಡೆದ.

ಕ್ರಿಸ್ಮಸ್ಸಿಗೆ ಎರಡು ವಾರ ಇರುವಾಗ ತಾತ ತೀರಿಕೊಂಡ. ಮಣ್ಣು ಮಾಡಿ ನಾಲ್ಕು ದಿನವಾದ ಮೇಲೆ ಗಾಡಿಯವನು ಬಂದು ಹೇಳಿದ. ಅಮ್ಮ ಅವನಿಗೆ ಕುಡಿಯಲು ಮಜ್ಜಿಗೆ ಕೊಟ್ಟಳು, ಚೊಂಬು ತೊಳೆದಿಟ್ಟಳು, ಆಮೇಲೆ ಕೂತಳು.

ಆ ಮನೆ ಈಗಿಲ್ಲ, ಅಪ್ಪ ಅಮ್ಮನೂ ಇಲ್ಲ. ಅಂಥ ಮನೆಯನ್ನು ಕಳೆದುಕೊಂಡಿದ್ದರೆ ನಿಮಗೂ ಗೊತ್ತಿರುತ್ತದೆ, ಕೇಳಬೇಕಾದ್ದನ್ನು ಕೇಳಲು ನಮಗೆ ಬುದ್ಧಿ ಬರುವುದೇ ತಡವಾಗಿ. ನನ್ನ ಮದುವೆಯ ಹಿಂದಿನ ದಿನ ಒಮ್ಮೆ, "ಅವ್ವಾ, ತಾತ ಕೇಳಿದ ಪದ ಯಾವ್ದು?" ಎಂದು ಕೇಳಿದ್ದೆ. "ಮರ್ತೋಯ್ತು ಕಣೇ" ಎಂದು ಅವಳು ಗೋಡೆಯ ಕಡೆ ತಿರುಗಿದಳು. ತುಟಿಗಳು ಅಲುಗುತ್ತಿದ್ದವು. ನಾನು ಇನ್ನೊಮ್ಮೆ ಕೇಳಲಿಲ್ಲ.